ಹಳೆ ಲೆಂಕೊಗೆ ಹೊಸ ಬುಷ್, ಹೊಸ ಗುಂಡು

ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕಿ ಕೂತಿದ್ದೆ. ದನಿ ಏಳುವ ಮೊದಲು ತಂಬೂರಿ ಕೇಳುತ್ತದಲ್ವಾ, ಆ ತಂಬೂರಿಯ ಅಡಿಯಲ್ಲಿ ಇನ್ನೊಂದು ಸದ್ದು ಸೇರಿಕೊಂಡಿತ್ತು. ದೂರದಲ್ಲಿ ಬಸ್ಸೊಂದು ಘಾಟಿ ಹತ್ತುತ್ತಿದ್ದರೆ ರಾತ್ರಿ ಹೊತ್ತು ಮನೆಯೊಳಗೆ ಕೇಳುವಂಥ ಗುರುಗುರು. ಹಾಡು ಏರಿದಾಗ ಗೊತ್ತಾಗುತ್ತಿರಲಿಲ್ಲ. ಅವರು ಉಸಿರು ತೆಗೆದುಕೊಳ್ಳುವಾಗ ಮತ್ತೆ ಬರುತ್ತಿತ್ತು. ಸ್ವರ ನಿಂತ ಜಾಗದಲ್ಲೇ ಗಲಾಟೆ ಇದ್ದರೆ ಆ ಸಂಗೀತ ಕೇಳುವುದು ಹೇಗೆ?

ರೆಕಾರ್ಡ್ ಪ್ಲೇಯರು ಗೋಲ್ಡ್‌ರಿಂಗ್ ಲೆಂಕೊ ಜಿಎಲ್75. ಸ್ವಿಟ್ಜರ್ಲೆಂಡಿನ ಬುರ್ಗ್‌ಡಾರ್ಫ್ ಊರಿನ ಲೆಂಕೊ ಕಂಪನಿಯದು. ಇಂಗ್ಲೆಂಡಿನಲ್ಲಿ ಗೋಲ್ಡ್‌ರಿಂಗ್ ಹೆಸರು ಸೇರಿಸಿ ಮಾರುತ್ತಿದ್ದರು. ನಮ್ಮ ದೊಡ್ಡಪ್ಪ 1970ರ ದಶಕದಲ್ಲಿ ಅಲ್ಲಿಂದ ಬರುವಾಗ ತಂದರು. ಆಮೇಲೆ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಅದು ನಾಲ್ಕು ದಶಕಕ್ಕೂ ಜಾಸ್ತಿ ಮಳೆಗಾಲ ಕಂಡಿದೆ. ಹಳೆ ಪೆಟ್ಟಿಗೆ ಗೊರಲೆ ಹಿಡಿದಿತ್ತು. ಎರಡು ವರ್ಷದ ಹಿಂದೆ ಹಲಸಿನ ಹಲಗೆಯಲ್ಲಿ ಹೊಸದು ಮಾಡಿಸಿದೆ. ಮುಳ್ಳು ಹಿಡಿಯುವ ತೋಳಿನ ರಬ್ಬರ್ ತುಂಡುಗಳು ಪುಡಿಯಾಗುವುದು ಈ ಮಾಡೆಲ್‌ನ ಮಾಮೂಲಿ ಕಾಯಿಲೆ, ಅದನ್ನೂ ಆಗಲೇ ಬದಲಾಯಿಸಿದ್ದೆ. ಉಳಿದದ್ದು ಬೇರಿಂಗ್.

ಇದರ ಒಳಗಿನ ಏರ್ಪಾಡು ಚೆಂದ. ಬೆಲ್ಟ್ ಇಲ್ಲ. ಮೋಟಾರು ಅಡ್ಡ ಮಲಗಿದೆ. ಅದರ ಶಾಫ್ಟು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ, ಮೂಲಂಗಿಯ ಥರ. ನೆಟ್ಟಗೆ ನಿಂತ ಒಂದು ರಬ್ಬರ್ ಅಂಚಿನ ಗಾಲಿ ಆ ಶಾಫ್ಟಿನ ಮೇಲೆ ಉರುಳುತ್ತಾ, ರೆಕಾರ್ಡ್ ಕೂರುವ ತಟ್ಟೆಯ ಹೊಟ್ಟೆಗೆ ಕೆಳಗಿನಿಂದ ಒತ್ತಿ ತಿರುಗಿಸುತ್ತದೆ. ಗಾಲಿಯನ್ನು ಶಾಫ್ಟಿನ ದಪ್ಪ ಕಡೆಗೆ ಸರಿಸಿದರೆ ವೇಗ ಜಾಸ್ತಿ, ಸಣ್ಣ ಕಡೆಗೆ ಸರಿಸಿದರೆ ಕಮ್ಮಿ. ತಟ್ಟೆಯೇ ಸುಮಾರು 4 ಕೆಜಿ. ಅಷ್ಟು ಭಾರ ಒಂದು ಸಣ್ಣ ಉಕ್ಕಿನ ಗುಂಡಿನ ಮೇಲೆ ನಿಂತು ತಿರುಗಬೇಕು. ಆ ಗುಂಡು, ಅದು ಕೂರುವ ಬಿಲ್ಲೆ, ತಟ್ಟೆಯನ್ನು ಹೊತ್ತ ಸ್ಪಿಂಡಲ್ಲು ಅನ್ನುವ ಕಂಬಿ, ಅದನ್ನು ಸುತ್ತ ಹಿಡಿದಿರುವ ಎರಡು ಕಂಚಿನ ಕೊಳವೆ, ಅಂದರೆ ಬುಷ್‌ಗಳು. ಬೇರಿಂಗ್ ಅಂದರೆ ಇಷ್ಟೇ.

ಸದ್ದು ಬೇರಿಂಗಿನದ್ದೇ ಅಂತ ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಮೋಟಾರಿಂದಲೂ ಬರಬಹುದು, ಗಾಲಿಯಿಂದಲೂ ಬರಬಹುದು. ನಾನು ಮಾಡಿದ್ದು ಹೀಗೆ. ಪ್ಲಗ್ ಕಿತ್ತೆ. ಗಾಲಿ ತಟ್ಟೆಗೆ ತಾಗದ ಹಾಗೆ ಲಿವರ್ ಇಟ್ಟೆ. ತಟ್ಟೆಯನ್ನು ಕೈಯಲ್ಲೇ ತಿರುಗಿಸಿ ಬಿಟ್ಟು, ರೆಕಾರ್ಡಿನ ಖಾಲಿ ಜಾಗದಲ್ಲಿ ಮುಳ್ಳು ಇಳಿಸಿದೆ. ಮೋಟಾರು ಇಲ್ಲ, ಗಾಲಿ ಇಲ್ಲ, ಆದರೂ ಗುರುಗುರು ಇದೆ. ಆಮೇಲೆ ಮತ್ತೆ ಮೋಟಾರು ಓಡಿಸಿ, ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಮನೆಗೆ, ಅಂದರೆ ಬುಷ್ ಕೂರುವ ಹೊರಗವಸಿಗೆ, ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿದೆ. ಪಂಪ್‌ಸೆಟ್ಟಿನ ಬೇರಿಂಗ್ ನೋಡುವುದೂ ಹೀಗೇ ಅಲ್ವಾ? ಒಳಗೆ ಮರಳು ಉಜ್ಜಿದ ಸದ್ದು. ಸುತ್ತಿಗೊಮ್ಮೆ ಸ್ವಲ್ಪ ಜೋರಾಗುತ್ತಿತ್ತು. ನಿಮಿಷಕ್ಕೆ 33⅓ ಸುತ್ತು ಅಂದರೆ ಒಂದು ಸುತ್ತಿಗೆ 1.8 ಸೆಕೆಂಡ್. ಗಡಿಯಾರ ಇಟ್ಟು ಎಣಿಸಿದೆ, ತಾಳೆಯಾಯಿತು.

ತಟ್ಟೆಯ ಅಂಚಿಗೆ ಸಣ್ಣ ಅಲುಗಾಟ ಅಳೆಯುವ ಡಯಲ್ ಗೇಜ್ ಇಟ್ಟು ಮೇಲೆ ಕೆಳಗೆ ಮೆಲ್ಲಗೆ ಅಲ್ಲಾಡಿಸಿದೆ. 0.4 ಮಿಲಿಮೀಟರ್ ಆಟ, ಅಂದರೆ ಸಡಿಲ. ಅಂಚಿನಲ್ಲಿ ಇಷ್ಟು ಅಂದರೆ ಬುಷ್ ಒಳಗೆ ಅದರ ಸಣ್ಣ ಪಾಲು ಮಾತ್ರ. ಆದರೂ ಜಾಸ್ತಿಯೇ. ಬಿಟ್ಟ ಮೇಲೆ ತಟ್ಟೆ ತಾನಾಗಿ ನಿಲ್ಲಲು ತೆಗೆದುಕೊಂಡದ್ದು 50 ಸೆಕೆಂಡ್. ಈ ಎರಡು ಅಂಕಿ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಕೆಲಸ ಮುಗಿದ ಮೇಲೆ ಕಿವಿ ತನಗೆ ಬೇಕಾದ್ದನ್ನು ಕೇಳುತ್ತದೆ. ಬರೆದಿಟ್ಟ ಅಂಕಿ ಬದಲಾಗುವುದಿಲ್ಲ.

ಬಿಚ್ಚುವುದು ಕಷ್ಟವಾಗಲಿಲ್ಲ. ತಟ್ಟೆ ಎತ್ತಿ, ಪ್ಲೇಯರನ್ನು ಮಗುಚಿ, ಬೇರಿಂಗ್ ಮನೆಯ ಬೋಲ್ಟುಗಳನ್ನು ತೆಗೆದೆ. ಅಡಿಯ ಮುಚ್ಚಳ ಬಿಚ್ಚಿದಾಗ ಎಣ್ಣೆ ಸುರಿಯಬೇಕಿತ್ತು. ಬಂದದ್ದು ಅಂಟು. ಥೇಟ್ ಜೋನಿಬೆಲ್ಲ. ಬಣ್ಣವೂ ಅದೇ. ಹಳೆ ಎಣ್ಣೆ ವರ್ಷಗಟ್ಟಲೆ ಗಾಳಿ ಕುಡಿದರೆ ಹೀಗೆ ಗಟ್ಟಿಯಾಗುತ್ತದೆ. ನಡುವೆ ಯಾರೋ ಗ್ರೀಸ್ ಬೇರೆ ತುಂಬಿದ್ದರು. ನಮ್ಮ ಮಳೆಗಾಲದ ಥಂಡಿ ಸೇರಿ, ಸ್ಪಿಂಡಲ್ಲಿನ ಮೇಲ್ಭಾಗದಲ್ಲಿ, ಎಣ್ಣೆ ತಾಗದ ಕಡೆ, ತುಕ್ಕಿನ ಚುಕ್ಕೆಗಳೂ ಇದ್ದವು. ಬುಷ್ ಒಳಗೆ ತಿರುಗುವ ಭಾಗಕ್ಕೆ ಮಾತ್ರ ಏನೂ ಆಗಿರಲಿಲ್ಲ. ಅದನ್ನು ನೋಡಿ ಸಮಾಧಾನವಾಯಿತು.

ಗುಂಡು ಒಂದು ಕಡೆ ಚಪ್ಪಟೆಯಾಗಿತ್ತು. ಬಿಲ್ಲೆಯ ನಡುವೆ ಗುಳಿ. ಗುಳಿಯ ಅಂಚು ಒರಟು. ಮರಳಿನ ಸದ್ದು ಅಲ್ಲಿಂದಲೇ ಬರುತ್ತಿದ್ದದ್ದು.

ಬೇರಿಂಗ್ ಮನೆ ಕಟ್ಟಿಕೊಂಡು ಶಿವಮೊಗ್ಗಕ್ಕೆ ಹೊರಟೆ. ಸಾಗರ ರಸ್ತೆಯ ಕಡೆ ಲೇತ್ ಇಟ್ಟುಕೊಂಡ ಒಬ್ಬ ಹಿರಿಯರಿದ್ದಾರೆ. ನಮ್ಮ ಅಡಿಕೆ ಸುಲಿಯುವ ಯಂತ್ರದ ಬುಷ್‌ಗಳನ್ನು ವರ್ಷಗಳಿಂದ ಅವರೇ ಮಾಡಿಕೊಡುವುದು. ಎಲ್ಲರೂ ಅವರನ್ನು ಸಾಹೇಬರು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಅವರು ಸ್ಪಿಂಡಲ್ಲನ್ನು ಬೆಳಕಿಗೆ ಹಿಡಿದು ನೋಡಿದರು. ಮೈಕ್ರೋಮೀಟರಿನಲ್ಲಿ ಮೇಲೆ, ನಡುವೆ, ಕೆಳಗೆ ಅಳೆದರು. ಮೂರು ಕಡೆಯೂ 3 ಮೈಕ್ರಾನ್ ಒಳಗೇ ವ್ಯತ್ಯಾಸ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು.

"ಇದನ್ನ ಮುಟ್ಟೋದು ಬೇಡ ಮಾರಾಯ್ರೆ," ಅಂದರು. "ಇಷ್ಟು ಚಂದ ಗ್ರೈಂಡಿಂಗ್ ಮಾಡಿದ್ದಾರೆ. ಬುಷ್ ನೋಡಿ, ಅದು ಹೋಗಿದೆ."

ಬುಷ್‌ಗಳು ನಿಜವಾಗಿಯೂ ಹೋಗಿದ್ದವು. ಒಳಗಿನ ತೂತು, ಅಂದರೆ ಬೋರ್, ಸ್ಪಿಂಡಲ್ಲಿಗಿಂತ ಸುಮಾರು 60 ಮೈಕ್ರಾನ್ ದೊಡ್ಡದು. ದುಂಡಗೂ ಇರಲಿಲ್ಲ. ಮೇಲಿನ ಬುಷ್ ಸವೆದದ್ದು ಗಾಲಿಗೆ ಎದುರು ಬದಿಯಲ್ಲಿ, ಕೆಳಗಿನದು ಗಾಲಿಯ ಬದಿಯಲ್ಲಿ. ಇದಕ್ಕೆ ಕಾರಣ ಇದೆ. ಗಾಲಿ ತಟ್ಟೆಯ ಒಂದು ಬದಿಯನ್ನು ಮೇಲಕ್ಕೆ ಒತ್ತುತ್ತದೆ. ತಟ್ಟೆ ಕೂದಲೆಳೆಯಷ್ಟು ಓರೆಯಾಗುತ್ತದೆ. ಸ್ಪಿಂಡಲ್ಲಿನ ತಲೆ ಆಚೆ, ಬುಡ ಈಚೆ ಒರಗುತ್ತದೆ. ಇಷ್ಟು ವರ್ಷ ಅದೇ ಎರಡು ಜಾಗದಲ್ಲಿ ಉಜ್ಜಿ ಉಜ್ಜಿ ಬೋರ್ ಮೊಟ್ಟೆಯಾಕಾರಕ್ಕೆ ಬಂದಿದೆ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಇಂಥ ಪ್ಲೇಯರುಗಳಿಗೆ ಹೊರದೇಶದಲ್ಲಿ ಇಡೀ ಹೊಸ ಬೇರಿಂಗ್ ಮಾಡಿ ಮಾರುವವರಿದ್ದಾರೆ. ಕೆಲಸ ಚೆನ್ನಾಗಿಯೇ ಇರುತ್ತದೆ, ಬೆಲೆಯೂ ಹಾಗೇ ಇರುತ್ತದೆ. ಆದರೆ ಸ್ಪಿಂಡಲ್ಲು ನೆಟ್ಟಗಿದ್ದು, ಸವೆಯದೇ ಇದ್ದರೆ ಅದನ್ನು ಬಿಸಾಡಲು ಕಾರಣವೇ ಇಲ್ಲ. ಇರುವ ಸ್ಪಿಂಡಲ್ಲಿನ ಅಳತೆಗೆ ಬುಷ್ ಮಾಡಬೇಕು. ಆಟವನ್ನು ಎಷ್ಟು ಬೇಕೋ ಅಷ್ಟಕ್ಕೇ ತರಬೇಕು. ಇದು ನಮ್ಮ ಊರಿನ ಲೇತಿನಲ್ಲೇ ಆಗುವ ಕೆಲಸ. ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ಕರಗಿಸಿದ ಜಿಲ್ಲೆ ಇದು. ಫೌಂಡ್ರಿ, ಲೇತ್ ಬಲ್ಲ ಕೈಗಳಿಗೆ ಇಲ್ಲಿ ಬರವಿಲ್ಲ.

ಬುಷ್ ಯಾವ ಲೋಹದ್ದು ಅನ್ನುವುದೇ ದೊಡ್ಡ ಮಾತಾಯಿತು. ಹಳೆಯವು ಕಂಚಿನ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದವು. ಅವುಗಳ ಮೈಯಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಗಾತ್ರದ ಐದನೇ ಒಂದು ಪಾಲಿನಷ್ಟು ಎಣ್ಣೆ ಕುಡಿದು ಇಟ್ಟುಕೊಳ್ಳುತ್ತವೆ. ಚೆನ್ನಾಗಿರುವ ಇಂಥ ಬುಷ್ ನಿಮ್ಮ ಪ್ಲೇಯರಿನಲ್ಲಿದ್ದರೆ ಪೆಟ್ರೋಲಿನಲ್ಲಿ ನೆನೆಹಾಕಿ ತೊಳೆಯಬೇಡಿ. ಒಳಗಿನ ಎಣ್ಣೆಯೆಲ್ಲ ಹೋಗುತ್ತದೆ. ತೊಳೆದಿದ್ದರೆ ಬಿಸಿ ಎಣ್ಣೆಯಲ್ಲಿ ಮುಳುಗಿಸಿ ಹಾಗೇ ಆರಲು ಬಿಡಬೇಕು. ಬಿಸಿಗೆ ಗಾಳಿ ಗುಳ್ಳೆಯಾಗಿ ಹೊರಗೆ ಬರುತ್ತದೆ, ಆರುವಾಗ ಎಣ್ಣೆ ಒಳಗೆ ಹೋಗುತ್ತದೆ.

ನಮಗೆ ಬೇಕಾದ ಅಳತೆಗೆ ಅಂಥದ್ದು ಸಿಗಲಿಲ್ಲ. ಗಟ್ಟಿ ಲೋಹದಲ್ಲೇ ಮಾಡಬೇಕಿತ್ತು. ನಾನು ಫಾಸ್ಫರ್ ಬ್ರಾಂಜ್ ಅಂದೆ. ಸಾಹೇಬರು ಗನ್‌ಮೆಟಲ್ ಅಂದರು. ಎರಡೂ ಕಂಚಿನ ಬಗೆಗಳೇ. ಸೀಸ ಸೇರಿದ ಗನ್‌ಮೆಟಲ್ಲಿನಲ್ಲಿ ತಾಮ್ರ 85, ತವರ 5, ಸತು 5, ಸೀಸ 5 ಪಾಲು. ಆ ಸೀಸ ಎಣ್ಣೆ ಕಮ್ಮಿಯಾದಾಗಲೂ ಜಾರುವ ಗುಣ ಕೊಡುತ್ತದೆ. ಫಾಸ್ಫರ್ ಬ್ರಾಂಜ್ ಅದಕ್ಕಿಂತ ಗಟ್ಟಿ, ಗಡುಸಾದ ಶಾಫ್ಟ್ ಕೇಳುತ್ತದೆ. ಸವೆಯುವುದಾದರೆ ಬುಷ್ ಸವೆಯಲಿ, ಸ್ಪಿಂಡಲ್ಲು ಉಳಿಯಲಿ ಅಂದರು ಸಾಹೇಬರು. ಒಪ್ಪಿದೆ.

ಮೊದಲ ಜೊತೆ ಹಾಳಾಯಿತು. ಅವಸರ ನನ್ನದು. ಅವತ್ತೇ ಊರಿಗೆ ವಾಪಸ್ ಹೋಗಬೇಕು ಅಂತ, ಬುಷ್‌ಗಳನ್ನು ಲೇತಿನಲ್ಲೇ ಪೂರ್ತಿ ಅಳತೆಗೆ ಬೋರ್ ಮಾಡಿಕೊಡಿ ಅಂದೆ.

"ಮನೆ ಒಳಗೆ ಪ್ರೆಸ್ ಮಾಡಿದ್ಮೇಲೆ ಬೋರ್ ಸಣ್ಣ ಆಗ್ತದೆ," ಅಂತ ಅವರು ಹೇಳಿದರು. ಸ್ವಲ್ಪ ಜಾಗ ಬಿಟ್ಟರೆ ಸಾಕು ಅಂತ ನಾನು ವಾದ ಮಾಡಿದೆ. ಊರಿಗೆ ತಂದು ಬೇರಿಂಗ್ ಮನೆಯೊಳಗೆ ಕೂರಿಸಿದರೆ ಸ್ಪಿಂಡಲ್ಲು ಮೇಲಿನ ಬುಷ್ ದಾಟಲೇ ಇಲ್ಲ. ಬುಷ್‌ನ ಹೊರಮೈಯನ್ನು ಗೂಡಿಗಿಂತ 25 ಮೈಕ್ರಾನ್ ದಪ್ಪ ಇಟ್ಟಿದ್ದೆವು, ಬಿಗಿಯಾಗಿ ಕೂರಲಿ ಅಂತ. ಆ ಬಿಗಿಯಲ್ಲಿ ಹೆಚ್ಚಿನ ಪಾಲು ಒಳಗಿನ ಬೋರಿಗೆ ಹೋಗಿ ಅದು ಕುಗ್ಗಿತ್ತು. ಎರಡು ಬುಷ್‌ಗಳ ನಡು ಕೂಡ ಒಂದೇ ಗೆರೆಯಲ್ಲಿರಲಿಲ್ಲ.

ಎರಡನೇ ಸಲ ಅವರು ಹೇಳಿದಂತೆಯೇ ಮಾಡಿದೆವು. ಬುಷ್‌ಗಳ ಬೋರ್ ಸಣ್ಣದಾಗಿಯೇ ಬಿಟ್ಟು, ಒಳಗೆ ಸುರುಳಿಯಾಗಿ ಒಂದು ತೆಳು ಎಣ್ಣೆ ಗೆರೆ ತೆಗೆದರು. ನಾನು ಅವನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟೆ. ಅಷ್ಟು ತಣ್ಣಗಾದರೆ ಈ ಗಾತ್ರದ ಕಂಚು ಹತ್ತು ಮೈಕ್ರಾನಿಗೂ ಜಾಸ್ತಿ ಕುಗ್ಗುತ್ತದೆ. ತೆಗೆದ ಕೂಡಲೇ ನೀರಿನ ಪಸೆ ಒರೆಸಿ, ಉದ್ದದ ಬೋಲ್ಟ್ ಮತ್ತು ದಪ್ಪ ವಾಷರ್‌ಗಳಿಂದ ಎಳೆದು ಕೂರಿಸಿದೆ. ಸುತ್ತಿಗೆ ಮುಟ್ಟಲಿಲ್ಲ. ಬೋಲ್ಟಿನಲ್ಲಿ ಎಳೆದರೆ ಬುಷ್ ಓರೆಯಾಗುವುದಿಲ್ಲ.

ಆಮೇಲೆ ಮತ್ತೆ ಶಿವಮೊಗ್ಗ. ಎರಡೂ ಬುಷ್‌ಗಳನ್ನು ಒಂದೇ ಎಳೆತದಲ್ಲಿ, ತೂತನ್ನು ಹೆರೆದು ಅಳತೆಗೆ ತರುವ ಒಂದೇ ಉದ್ದನೆಯ ರೀಮರಿನಿಂದ ತೆಗೆಯಬೇಕು. ಆಗ ಮಾತ್ರ ಎರಡರ ನಡು ಒಂದೇ ಗೆರೆಗೆ ಬರುತ್ತದೆ. ಸಾಹೇಬರ ಹತ್ತಿರ ಹಿಗ್ಗಿಸುವ ಕೈರೀಮರ್ ಇತ್ತು. ಅದರ ಹಿಂದೆ ದಾರಿ ತೋರಿಸಲು ಒಂದು ಗೈಡ್ ತಿರುಗಿಸಿ ಹಾಕಿದರು. ಒಂದು ಸಲಕ್ಕೆ ಕೂದಲೆಳೆಗಿಂತ ಕಮ್ಮಿ. ತಿರುಗಿಸುವುದು, ಒರೆಸುವುದು, ಸ್ಪಿಂಡಲ್ ಹಾಕಿ ನೋಡುವುದು, ಮತ್ತೆ ರೀಮರ್ ಒಂದು ಗೆರೆ ಹಿಗ್ಗಿಸುವುದು. ಹೀಗೆ ಎರಡು ಗಂಟೆ. ನಡುವೆ ಚಹಾ ಬಂತು, ಅವರು ಕುಡಿಯಲಿಲ್ಲ.

ಕೊನೆಗೆ ಸ್ಪಿಂಡಲ್ಲು ಒಳಗೆ ಹೋಯಿತು, ಆದರೆ ಒಂದು ಕಡೆ ಸ್ವಲ್ಪ ಹಿಡಿಯುತ್ತಿತ್ತು. ನಾನು ವಾಲ್ವ್ ಉಜ್ಜುವ ಪೇಸ್ಟ್ ಹಚ್ಚಿ ಸ್ಪಿಂಡಲ್ಲಿನಿಂದಲೇ ಉಜ್ಜಿಬಿಡೋಣ ಅಂದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. "ಆ ಹರಳು ಕಂಚಿನ ಒಳಗೆ ಕೂತುಬಿಡ್ತದೆ. ಆಮೇಲೆ ಅದು ಹೊರಗೆ ಬರೂದಿಲ್ಲ. ದಿನಾ ನಿಮ್ಮ ಸ್ಪಿಂಡಲ್ಲನ್ನೇ ತಿಂತದೆ." ಮೆತ್ತಗಿನ ಲೋಹದಲ್ಲಿ ಗಡುಸು ಹರಳು ಹೂತು ಕೂತರೆ ಬುಷ್ಷೇ ಅರ ಆಗಿಬಿಡುತ್ತದೆ. ಬೇರಿಂಗ್ ರಿಪೇರಿ ಮಾಡುವ ಎಲ್ಲರೂ ಇದನ್ನು ನೆನಪಿಡಬೇಕು. ಮತ್ತೆ ರೀಮರಿನಲ್ಲೇ ಒಂದು ಎಳೆ ತೆಗೆದರು. ಆಟ 15 ಮೈಕ್ರಾನಿಗೆ ಬಂತು.

ಎರಡು ಜೊತೆ ಬುಷ್ ಮತ್ತು ರೀಮರ್ ಕೆಲಸ ಸೇರಿ 1,400 ರೂಪಾಯಿ ತೆಗೆದುಕೊಂಡರು. ಆ ಎರಡು ಗಂಟೆಗೆ ಅದು ಕಮ್ಮಿ ಅಂತ ನನಗನ್ನಿಸಿತು. ಹೇಳಿದೆ, ಅವರು ಕೇಳಲಿಲ್ಲ.

ಗುಂಡಿಗೆ ಸಿಲಿಕಾನ್ ನೈಟ್ರೈಡ್ ಆರಿಸಿದೆ. ಒಂದು ಥರದ ಸೆರಾಮಿಕ್ ಇದು, ಬೇರಿಂಗ್ ಉಕ್ಕಿಗಿಂತ ತುಂಬಾ ಗಡುಸು. ತುಕ್ಕು ಹಿಡಿಯುವುದಿಲ್ಲ, ನಮ್ಮ ಮಲೆನಾಡಿಗೆ ಇದೇ ಮುಖ್ಯ. ಹಳೆ ಗುಂಡಿನ ಅಳತೆಯದ್ದೇ ತರಿಸಿದೆ.

ಬಿಲ್ಲೆಯ ವಿಷಯದಲ್ಲಿ ಎರಡು ಪ್ರಯೋಗ ಮಾಡಿದೆ. ಮೊದಲು ಗಡುಸು ಮಾಡಿ ನಯಗೊಳಿಸಿದ ಉಕ್ಕಿನ ಬಿಲ್ಲೆ. ತಟ್ಟೆ ತುಂಬಾ ಹೊತ್ತು ತಿರುಗಿತು. ಆದರೆ ಸ್ಕ್ರೂಡ್ರೈವರ್ ಕಿವಿಗಿಟ್ಟಾಗ ಒಂದು ತೆಳು ಸುಯ್ ಸದ್ದು ಇತ್ತು. ಗಡುಸಿನ ಮೇಲೆ ಗಡುಸು ಕೂತರೆ ತಾಗುವ ಜಾಗ ಸೂಜಿಮೊನೆಯಷ್ಟು, ಆದರೆ ಅಲ್ಲಿ ಹುಟ್ಟಿದ ಸಣ್ಣ ಸದ್ದೂ ತಡೆಯಿಲ್ಲದೆ ಮೇಲೆ ಹೋಗುತ್ತದೆ. ಎರಡನೆಯದು ಡೆಲ್ರಿನ್. ಬಿಳಿ ಗಟ್ಟಿ ಪ್ಲಾಸ್ಟಿಕ್ಕು, ರಾಡ್ ರೂಪದಲ್ಲಿ ಸಿಗುತ್ತದೆ. ಮೊದಲ ವಾರದಲ್ಲಿ ಗುಂಡು ಅದರಲ್ಲಿ ತನಗೆ ಬೇಕಾದಷ್ಟು ಸಣ್ಣ ಗುಳಿ ಮಾಡಿಕೊಂಡಿತು, ಆಮೇಲೆ ಅಲ್ಲೇ ನಿಂತಿತು. ತಟ್ಟೆ ನಿಲ್ಲುವುದು ಸ್ವಲ್ಪ ಬೇಗ, ಆದರೆ ಸುಯ್ ಇಲ್ಲ. ನಾನು ಡೆಲ್ರಿನ್ ಇಟ್ಟೆ. ಎಷ್ಟು ಹೊತ್ತು ತಿರುಗಿತು ಅನ್ನುವುದನ್ನೇ ದೊಡ್ಡದು ಮಾಡಬಾರದು. ಸಡಿಲ ಬುಷ್, ನೀರಿನಂಥ ಎಣ್ಣೆ ಇದ್ದರೂ ತಟ್ಟೆ ತುಂಬಾ ಹೊತ್ತು ತಿರುಗುತ್ತದೆ. ಬಿಲ್ಲೆಯ ದಪ್ಪ ಮಾತ್ರ ಹಳೆಯದರಷ್ಟೇ ಇರಬೇಕು. ಇಲ್ಲದಿದ್ದರೆ ತಟ್ಟೆಯ ಎತ್ತರ ಬದಲಾಗಿ ಗಾಲಿಯ ಒತ್ತಡ ತಪ್ಪುತ್ತದೆ.

ಇನ್ನು ಎಣ್ಣೆ. ನಮ್ಮ ಅಡಿಕೆ ಯಂತ್ರದ ಮೋಟಾರು ನಿಮಿಷಕ್ಕೆ 1,440 ಸುತ್ತು. ಅಷ್ಟು ವೇಗದಲ್ಲಿ ಶಾಫ್ಟು ತಾನೇ ಎಣ್ಣೆಯನ್ನು ಎಳೆದುಕೊಂಡು ಅದರ ಮೇಲೆ ತೇಲುತ್ತದೆ. ಪ್ಲೇಯರು ಅದಕ್ಕಿಂತ 43 ಪಟ್ಟು ನಿಧಾನ. ಸ್ಪಿಂಡಲ್ಲಿನ ಮೈ ಬುಷ್ ಒಳಗೆ ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್ ಸರಿಯುತ್ತದೆ ಅಷ್ಟೇ. ಇಷ್ಟು ನಿಧಾನದಲ್ಲಿ ತೆಳು ಎಣ್ಣೆಯ ಪದರ ನಿಲ್ಲುವುದು ಕಷ್ಟ. ಹೊಲಿಗೆ ಮಷೀನಿನ ಎಣ್ಣೆ ಹಾಕಿ ನೋಡಿದೆ, ಸದ್ದು ಪೂರ್ತಿ ಹೋಗಲಿಲ್ಲ. ವಿಜಿ 68 ಎಣ್ಣೆ ಹಾಕಿದೆ, ಹೋಯಿತು. ಆ 68 ಅನ್ನುವುದು 40 ಡಿಗ್ರಿ ಬಿಸಿಯಲ್ಲಿ ಅಳೆದ ಮಂದತೆ. ನಮ್ಮಲ್ಲಿ ಡಿಸೆಂಬರಿನ ಬೆಳಗ್ಗೆ ಅದೇ ಎಣ್ಣೆ ಎಷ್ಟೋ ಮಂದ ಇರುತ್ತದೆ. ಅದಕ್ಕೇ ಚಳಿಯಲ್ಲಿ ರೆಕಾರ್ಡ್ ಹಾಕುವ ಮೊದಲು ಹತ್ತು ನಿಮಿಷ ಸುಮ್ನೆ ತಿರುಗಲು ಬಿಡುತ್ತೇನೆ.

ಅಡಿಯ ಮುಚ್ಚಳಕ್ಕೆ ಗ್ಯಾಸ್ಕೆಟ್ ಪೇಪರ್ ಕತ್ತರಿಸಿ ಹಾಕಿದೆ. ಮೇಲಿನ ಬುಷ್‌ನ ಬುಡದವರೆಗೆ ಎಣ್ಣೆ ತುಂಬಿ, ಒಂದು ರಾತ್ರಿ ಹಳೆ ಪೇಪರಿನ ಮೇಲೆ ನಿಲ್ಲಿಸಿದೆ. ಬೆಳಗ್ಗೆ ಪೇಪರಿನಲ್ಲಿ ಕಲೆ ಇರಲಿಲ್ಲ.

ಸ್ಪಿಂಡಲ್ಲು ಇಳಿಸುವ ಗಳಿಗೆ ನನಗೆ ಈ ಇಡೀ ಕೆಲಸದಲ್ಲಿ ಅತಿ ಇಷ್ಟವಾದದ್ದು. ಗುಂಡಿಗೆ ಒಂದು ಚೂರು ಗ್ರೀಸ್ ಹಚ್ಚಿ ಸ್ಪಿಂಡಲ್ಲಿನ ತುದಿಗೆ ಅಂಟಿಸಿದೆ. ಮೇಲಿನ ಬುಷ್‌ಗೆ ಇಟ್ಟು ಕೈ ಬಿಟ್ಟೆ. ಅದು ಬೀಳಲಿಲ್ಲ. ಒಳಗಿನ ಗಾಳಿ, ಎಣ್ಣೆ ಹೊರಗೆ ಬರಲು 15 ಮೈಕ್ರಾನ್ ಸಂದು ಮಾತ್ರ ಇದೆಯಲ್ಲ. ಸಣ್ಣ ಸಣ್ಣ ಗುಳ್ಳೆ ಬಿಡುತ್ತಾ, ಕಣ್ಣಿಗೆ ಕಾಣದಷ್ಟು ನಿಧಾನಕ್ಕೆ ಇಳಿಯಿತು. ಒತ್ತಬಾರದು. ಒತ್ತಿದರೆ ಎಣ್ಣೆಯೆಲ್ಲ ಮೇಲಿಂದ ಉಕ್ಕುತ್ತದೆ. ನಾನು ತೋಟಕ್ಕೆ ಹೋಗಿ, ಬಸಿಗಾಲುವೆ ನೋಡಿ, ಮಧ್ಯಾಹ್ನ ಊಟಕ್ಕೆ ಬಂದಾಗ ತಳ ಮುಟ್ಟಿತ್ತು. ಹಳೆ ಬುಷ್‌ಗಳಲ್ಲಿ ಇದೇ ಸ್ಪಿಂಡಲ್ಲು ಟಕ್ ಅಂತ ಬೀಳುತ್ತಿತ್ತು.

ತಟ್ಟೆ ಇಟ್ಟು, ರೆಕಾರ್ಡ್ ಹಾಕದೆ ನಾಲ್ಕು ಗಂಟೆ ಓಡಿಸಿದೆ. ಎಣ್ಣೆ ತೆಗೆದು ನೋಡಿದರೆ ಬೆಳಕಿನಲ್ಲಿ ಕಂಚಿನ ಹುಡಿ ಮಿನುಗುತ್ತಿತ್ತು. ಅದನ್ನು ಚೆಲ್ಲಿ ಹೊಸ ಎಣ್ಣೆ ತುಂಬಿದೆ. ಹೊಸ ಬುಷ್‌ಗೆ ಇದನ್ನು ಮಾಡಲೇಬೇಕು.

ಅಳತೆ ಮತ್ತೆ ತೆಗೆದೆ. ಅಂಚಿನ ಆಟ 0.4ರಿಂದ 0.1 ಮಿಲಿಮೀಟರಿಗೆ ಬಂದಿದೆ. ಬಿಟ್ಟ ತಟ್ಟೆ ನಿಲ್ಲಲು 2 ನಿಮಿಷ 10 ಸೆಕೆಂಡ್. ವೇಗ ನೋಡಲು 180 ಗೆರೆಗಳ ಸ್ಟ್ರೋಬ್ ಬಿಲ್ಲೆ ಇಟ್ಟು ಹಳೆ ಬುರುಡೆ ಬಲ್ಬಿನ ಕೆಳಗೆ ಹಿಡಿದೆ. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಆ ಲೆಕ್ಕಕ್ಕೆ 180 ಗೆರೆ. ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ. ತಟ್ಟೆ ಹಗುರ ತಿರುಗುವುದರಿಂದ ವೇಗ ಒಂಚೂರು ಹೆಚ್ಚಾಗಿತ್ತು. ಲಿವರನ್ನು ಎಳೆಯಷ್ಟು ಸರಿಸಿದೆ, ಗೆರೆಗಳು ನಿಂತವು. ಒಂದು ಮಾತು, ಇನ್ವರ್ಟರಿನ ಮೇಲೆ ಈ ಪರೀಕ್ಷೆ ಮಾಡಬೇಡಿ. ಅಗ್ಗದ ಇನ್ವರ್ಟರ್ ಕೊಡುವ ಚೌಕಾಕಾರದ ಅಲೆಗೆ ಈ ಮೋಟಾರು ಗುಂಯ್ ಅನ್ನುತ್ತದೆ, ಬೇರಿಂಗಿನ ಸದ್ದು ಅಂತ ತಪ್ಪು ತಿಳಿಯುತ್ತೀರಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದದ್ದೇ ಗೊತ್ತಾಗದೆ ನಾನೊಮ್ಮೆ ಹಾಗೆ ಅಂದುಕೊಂಡು ಬಿಚ್ಚಲು ಹೊರಟಿದ್ದೆ.

ರಾತ್ರಿ ಊಟ ಆದ ಮೇಲೆ ಅದೇ ಮನ್ಸೂರರ ರೆಕಾರ್ಡ್ ಹಾಕಿದೆ. ದೊಡ್ಡಮ್ಮನೂ ಬಂದು ಕೂತರು. ತಂಬೂರಿ ಮೀಟಿದ ತಂತಿ ಕರಗಿ ಮುಂದಿನ ತಂತಿ ಬರುವ ನಡುವಿನ ಜಾಗ ಖಾಲಿಯಾಗಿತ್ತು. ಘಾಟಿ ಹತ್ತುವ ಬಸ್ಸು ಇರಲಿಲ್ಲ. ಹಳೆ ರೆಕಾರ್ಡಿನ ಚಿಟಿಚಿಟಿ ಇತ್ತು, ಅದು ಇರಲಿ. ಅವರು ಉಸಿರು ಎಳೆದುಕೊಂಡದ್ದು ಕೇಳಿತು.

"ಇದು ನಿಮ್ಮ ದೊಡ್ಡಪ್ಪ ತಂದಾಗ ಹೀಗೇ ಕೇಳ್ತಿತ್ತು," ಅಂದರು ದೊಡ್ಡಮ್ಮ.

ಈಗ ಮೋಟಾರಿನಿಂದ ಬರುವ ಸಣ್ಣ ಅದುರು ಬೇರೆಯಾಗಿ ಗೊತ್ತಾಗುತ್ತಿದೆ. ಮೊದಲು ಬೇರಿಂಗಿನ ಸದ್ದಿನಲ್ಲಿ ಅದು ಮುಚ್ಚಿಹೋಗಿತ್ತು. ಮೋಟಾರನ್ನು ತೂಗುಹಾಕಿದ ಸ್ಪ್ರಿಂಗುಗಳನ್ನು ಮುಂದಿನ ತಿಂಗಳು ನೋಡಬೇಕು. ಮಳೆಗಾಲ ಮುಗಿದ ಮೇಲೆ ಬೇರಿಂಗಿನ ಅಡಿಯ ಮುಚ್ಚಳ ಬಿಚ್ಚಿ, ಡೆಲ್ರಿನ್ ಬಿಲ್ಲೆಯ ಗುಳಿ ಬೆಳೆದಿದೆಯಾ ಅಂತ ಅಳೆದು, ಅದನ್ನೂ ಪುಸ್ತಕದಲ್ಲಿ ಬರೆಯುತ್ತೇನೆ.